ಉಪ್ಪು ಹಾಕಿ ಹೂಳದ ಗಂಟು

ನಾನು ಸಂಶಯದ ಹೆಂಗಸು. ಬದನೆಕಾಯಿಯನ್ನು ನಾಲ್ಕೂ ಕಡೆ ತಿರುವಿ ನೋಡದೆ ಬುಟ್ಟಿಗೆ ಹಾಕಿಕೊಂಡವಳಲ್ಲ. ಹಾಲಿನವನು ಅಳೆದು ಹಾಕುವಾಗ ಅವನ ಕೈಯನ್ನಲ್ಲ, ಮುಖವನ್ನು ನೋಡುತ್ತೇನೆ. ನನ್ನನ್ನು ಕಟ್ಟಿಕೊಂಡ ಮೇಲೆ ಪೊಲೀಸರ ಹೆದರಿಕೆಯೇ ಹೋಯಿತು ಎಂದು ನನ್ನ ಗಂಡ ವಿರೂಪಾಕ್ಷ ನೆಂಟರ ಮುಂದೆ ಚೇಷ್ಟೆ ಮಾಡುವುದುಂಟು. ಈ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಕಾಯಿಲೆಯ ದಿನಗಳಲ್ಲಿ ಬೇರೆಯವರಿಗೆ ದೇವರು ಆಸರೆಯಾದಂತೆ ನನಗೆ ಆಸರೆಯಾದದ್ದು ಸಂಶಯವೇ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಯಾರನ್ನೂ ನಂಬಲಾಗದೆ ಒದ್ದಾಡುತ್ತಿರುವ ತಾಯಿ ಯಾರಾದರೂ ಇದನ್ನು ಓದಿದರೆ, ಅದೇನೂ ಪಾಪವಲ್ಲ ಎಂದು ತಿಳಿದುಕೊಳ್ಳಲಿ.

ನಮ್ಮ ಮನೆ ಬೆಟಗೇರಿಯಲ್ಲಿ. ಅತ್ತೆಯ ಕಾಲದಲ್ಲಿ ನಡುಮನೆಯಲ್ಲೇ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ ಇತ್ತು. ಈಗ ಆ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದೇವೆ. ಗಂಡ ಗದಗಿನಲ್ಲಿ ಒಂದು ಮುದ್ರಣಾಲಯದಲ್ಲಿ ದುಡಿಯುತ್ತಾರೆ, ನಾನು ಮನೆಯಲ್ಲೇ ಕುಳಿತು ಸೀರೆಗಳಿಗೆ ಫಾಲ್ ಹಚ್ಚಿ ಕುಚ್ಚು ಕಟ್ಟಿ ಕೊಡುತ್ತೇನೆ. ಮಗಳು ಗೌರಿಗೆ ಆಗ ನಾಲ್ಕು ವರ್ಷ. ಒಂದು ಅಮಾವಾಸ್ಯೆಯ ಬೆಳಿಗ್ಗೆ ಎಣ್ಣೆ ಹಚ್ಚಿ ಎರೆಯುವಾಗ ಅವಳ ಎಡಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಒತ್ತಿದರೆ ಕಚಗುಳಿಯಾಗಿ ನಗುತ್ತಿದ್ದಳು. ನೋವಿಲ್ಲ, ಜ್ವರವಿಲ್ಲ. ಗಂಡ ಹೊಟ್ಟೆ ಕಟ್ಟಿರಬೇಕು ಅಂದರು. ಎರಡು ಬಾರಿ ಒತ್ತಿ ನೋಡಿದ ನನಗೆ ಸಮಾಧಾನವಾಗಲಿಲ್ಲ, ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಗದಗಿನ ಡಾಕ್ಟರು ಸ್ಕ್ಯಾನಿಗೆ ಬರೆದುಕೊಟ್ಟರು. ಸ್ಕ್ಯಾನ್ ಮಾಡುವವನು ಮಾತಿನ ಮಲ್ಲ. ಬಿಂಕದಕಟ್ಟಿಯ ಮೃಗಾಲಯಕ್ಕೆ ಹೋಗಿ ಹುಲಿ ನೋಡಿದ್ದೀಯಾ, ಹುಲಿ ನಿನ್ನನ್ನು ನೋಡಿತಾ ಎಂದೆಲ್ಲ ಗೌರಿಯನ್ನು ನಗಿಸುತ್ತ ಹೊಟ್ಟೆಯ ಮೇಲೆ ಆ ಯಂತ್ರವನ್ನು ಆಡಿಸುತ್ತಿದ್ದ. ಇದ್ದಕ್ಕಿದ್ದಂತೆ ಅವನ ಮಾತು ನಿಂತಿತು. ಅಷ್ಟರಲ್ಲೇ ನನಗೆ ತಿಳಿದುಹೋಯಿತು. ಆಮೇಲೆ ಅವನು ಗೌರಿಯ ಕೈಯಲ್ಲಿ ಚಾಕೊಲೇಟ್ ಇಟ್ಟ. ಕಾರಣವಿಲ್ಲದೆ ಸಿಹಿ ಕೊಡುವವರನ್ನು ನಾನು ಎಂದೂ ನಂಬಿದವಳಲ್ಲ.

ಮುಂದಿನ ವಾರ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿದ್ದೆವು. ಅಲ್ಲಿ ಮಕ್ಕಳ ವಿಭಾಗದ ಮುಂದಿನ ಗೋಡೆಯ ಮೇಲೆ ಆನೆ, ಜಿರಾಫೆ ಬಿಡಿಸಿದ್ದಾರೆ. ಮಕ್ಕಳು ಒರಗಿ ಒರಗಿ ಜಿರಾಫೆಯ ಕಾಲುಗಳು ಅಳಿಸಿಹೋಗಿವೆ. ಹೆಸರು ಕೂಗುವವರೆಗೆ ಕಾಯಬೇಕು. ಕಾಯುವಾಗ ಅಲ್ಲಿ ಎಲ್ಲ ತಾಯಂದಿರೂ ಮಾಡುವುದು ಒಂದೇ ಕೆಲಸ: ತಮ್ಮ ಮಗುವನ್ನು ಬಿಟ್ಟು ಪಕ್ಕದ ಮಗುವಿನ ತಲೆ ನೋಡುವುದು. ಕೂದಲಿದ್ದರೆ ಹೊಸಬರು, ಇಲ್ಲದಿದ್ದರೆ ಹಳಬರು. ನಾನು ಎಲ್ಲವನ್ನೂ ಅನುಮಾನದಿಂದಲೇ ನೋಡಿದೆ. ಡಾಕ್ಟರು ಬಾಗಿಲ ಆಚೆ ನಿಂತು ಯಾಕೆ ಮಾತಾಡುತ್ತಾರೆ, ಕನ್ನಡ ಬರುವವರು ನಡುವೆ ಯಾಕೆ ಇಂಗ್ಲಿಷಿಗೆ ಹೊರಳುತ್ತಾರೆ, ಅಷ್ಟೊಂದು ರಕ್ತ ತೆಗೆದು ಏನು ಮಾಡುತ್ತಾರೆ. ಮುಂಡರಗಿ ಕಡೆಯ ಒಬ್ಬಾಕೆ ತನ್ನ ಬುತ್ತಿ ಬಿಚ್ಚಿ ನನಗೂ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಈಕೆಗೆ ನನ್ನಿಂದ ಏನಾಗಬೇಕಿದೆಯೋ ಎಂದುಕೊಂಡೇ ಮುರಿದು ಬಾಯಿಗಿಟ್ಟೆ. ಖಾರ ನಾಲಿಗೆಗೆ ತಾಕಿದ್ದೇ, ಊರು ಬಿಟ್ಟ ಮೇಲೆ ಮೊದಲ ಸಲ ಅತ್ತುಬಿಟ್ಟೆ. ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಂಟು ಅಂದರು. ಆ ಕಡೆಯ ಮೂತ್ರಪಿಂಡವನ್ನೇ ತೆಗೆದು, ಆಮೇಲೆ ಕಿಮೋ ಕೊಡಬೇಕು. ಈ ಕಾಯಿಲೆಯಲ್ಲಿ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ ಎಂದು ಡಾಕ್ಟರು ಹೇಳಿದಾಗ ಗಂಡ ಅಲ್ಲೇ ಕೈಮುಗಿದು ಕಣ್ಣೊರೆಸಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬಂತು. ಬಹಳಷ್ಟು ಮಕ್ಕಳು ಅಂದರೆ ಎಲ್ಲ ಮಕ್ಕಳೂ ಅಲ್ಲವಲ್ಲ.

ಆಪರೇಷನ್ನಿಗೆ ಎರಡು ದಿನವಿರುವಾಗ ಬಿಳಿ ಕೋಟಿನ ಒಬ್ಬ ಹುಡುಗಿ ನಮ್ಮ ಮಂಚದ ಹತ್ತಿರ ಬಂದು ಸ್ಟೂಲ್ ಎಳೆದುಕೊಂಡು ಕುಳಿತಳು. ಡಾಕ್ಟರಲ್ಲವಂತೆ, ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳಂತೆ. ಹೆಸರು ರುಬೀನಾ. ನಾವು ಗದಗಿನವರೆಂದು ತಿಳಿದಿದ್ದೇ ನಮ್ಮ ಮಾತಿಗಿಳಿದು, ತನ್ನದು ಲಕ್ಷ್ಮೇಶ್ವರ ಅಂದಳು. ಗಂಡನ ಮುಖ ಅರಳಿತು. ನನ್ನ ಮನಸ್ಸು ಮತ್ತಷ್ಟು ಬಿಗಿಯಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ; ನಮ್ಮವರಂತೆ ಮಾತಾಡುವವರೆಲ್ಲ ನಮ್ಮವರೂ ಅಲ್ಲ.

ಅವಳು ಕೇಳಲು ಬಂದದ್ದು ಗಂಟನ್ನು. ತೆಗೆದ ಗಂಟಿನಲ್ಲಿ ಪರೀಕ್ಷೆಗೆ ಬೇಕಾದಷ್ಟು ಹೋದ ಮೇಲೆ ಉಳಿದದ್ದನ್ನು ಆಸ್ಪತ್ರೆಯವರು ಸುಡುತ್ತಾರೆ. ಅದರ ಬದಲು ಒಂದು ಚೂರನ್ನು ಅವಳಿಗೆ ಕೊಟ್ಟರೆ, ಅದರ ಜೀವಕೋಶಗಳನ್ನು ಬಾಟಲಿಯಲ್ಲಿಟ್ಟು ಬೆಳೆಸುತ್ತಾಳೆ. ಬದುಕಿ ನೆಲೆ ನಿಂತರೆ ಅವು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ, ಹೊಸ ಔಷಧಗಳನ್ನು ಮೊದಲು ಅವುಗಳ ಮೇಲೆ ಹಾಕಿ ನೋಡಬಹುದು. ಮಕ್ಕಳ ಗಂಟುಗಳು ಹೀಗೆ ಸಿಗುವುದೇ ಅಪರೂಪ, ಸಿಕ್ಕರೂ ಹೆಚ್ಚಿನವು ಬಾಟಲಿಯಲ್ಲಿ ಬದುಕುವುದಿಲ್ಲ. ಇಷ್ಟನ್ನೂ ಅವಳು ನಿಧಾನವಾಗಿ ಹೇಳಿದಳು.

ನಾನು ಕೇಳಿಸಿಕೊಂಡದ್ದು ಒಂದೇ ಮಾತು: ಬೆಳೆಸುತ್ತಾರೆ. ನನ್ನ ಮಗಳನ್ನು ಒಳಗಿನಿಂದ ತಿನ್ನುತ್ತಿರುವುದನ್ನು ಕೊಲ್ಲಲು ನಾನು ಇಷ್ಟು ದೂರ ಬಂದರೆ, ಇವಳಿಗೆ ಅದು ಬದುಕಬೇಕಂತೆ. ಆಗುವುದಿಲ್ಲ ಅಂದೆ. ಅವಳು ಒತ್ತಾಯಿಸದೆ ಎದ್ದು ಹೋದಳು.

ನಾನು ಬೇಡವೆಂದದ್ದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಮಗುವಿನ ಮೈಯಿಂದ ಬಂದ ಯಾವುದನ್ನೂ ಬೇರೆಯವರ ಕೈಗೆ ಬಿಡುವುದಿಲ್ಲ. ಗೌರಿಯ ಹೊಕ್ಕಳಬಳ್ಳಿಯನ್ನು ಅತ್ತೆ ಮಗ್ಗವಿದ್ದ ಜಾಗದ ಪಕ್ಕದಲ್ಲೇ ಹೂಳಿದ್ದರು. ಜಾವಳ ದೇವರಿಗೆ, ಉಗುರು ಮಣ್ಣಿಗೆ. ಯಾರದೋ ಕೈಗೆ ಸಿಕ್ಕರೆ ಅದರಿಂದ ಮಗುವಿಗೆ ಏನು ಬೇಕಾದರೂ ಮಾಡಬಹುದು ಎಂಬ ಹೆದರಿಕೆ. ಬೆಂಗಳೂರಿಗೆ ಹೊರಡುವಾಗಲೇ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದರು:

"ತಗದ ಗಂಟನ್ನ ಕೇಳಿ ಇಸ್ಕೊಂಡ ಬರ್ರಿ. ಹಳ್ಳದ ದಂಡಿಗಿ ಉಪ್ಪು ಹಾಕಿ ಹೂಳೂಣು. ಅದು ಮಣ್ಣಾಗ ಕರಗಿದ್ರ ಬ್ಯಾನಿ ಕರಗತೈತಿ."

ಡಾಕ್ಟರನ್ನು ಕೇಳಿದೆ. ಕಾನೂನು ಬಿಡುವುದಿಲ್ಲ, ಕೊಡುವಂತಿಲ್ಲ ಅಂದರು. ಹಾಗಾದರೆ ಹೇಗೂ ಅದು ನಮ್ಮ ಮಣ್ಣಿಗೆ ಬರುವುದಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಸಂಶಯ ರುಬೀನಾಳ ಮೇಲೆ ತಿರುಗಿತು. ನನ್ನ ತಂಗಿಯನ್ನು ಲಕ್ಷ್ಮೇಶ್ವರಕ್ಕೇ ಕೊಟ್ಟಿದೆ. ಫೋನ್ ಮಾಡಿ, ಈ ಹೆಸರಿನ ಹುಡುಗಿಯ ಮನೆ ಇದೆಯೇ ನೋಡು ಅಂದೆ. ಸಂಜೆಯೊಳಗೆ ಖಬರ್ ಬಂತು. ಮನೆ ಇದೆ, ತಂದೆಗೆ ಬಾಳೆಹೊಸೂರಿನಲ್ಲಿ ಹೊಲವಿದೆ. ಮಗಳು ಬೆಂಗಳೂರಿನಲ್ಲಿ ಏನು ಮಾಡುತ್ತಾಳೆಂದು ಕೇಳಿದರೆ ತಾಯಿಗೂ ಸರಿಯಾಗಿ ಹೇಳಲು ಬರಲಿಲ್ಲವಂತೆ, ಅದ್ಯಾವುದೋ ಬಾಟಲಿ ಕೆಲಸ ಅಂದರಂತೆ. ಹುಡುಗಿ ಸುಳ್ಳು ಹೇಳಿಲ್ಲ ಎಂದು ತಿಳಿದದ್ದು ನನಗೆ ಸ್ವಲ್ಪ ನಿರಾಸೆಯನ್ನೇ ತಂದಿತು. ಮರುದಿನ ನಾನೇ ಅವಳನ್ನು ಕರೆಸಿದೆ.

"ಇದರಿಂದ ನನ್ನ ಮಗಳಿಗೆ ಏನ ಉಪಯೋಗ?" ಎಂದು ಕೇಳಿದೆ.

"ಗೌರಿಗೆ ಏನೂ ಉಪಯೋಗ ಇಲ್ರಿ ಅಕ್ಕಾರ," ಅಂದಳು.

"ಮತ್ತ ಯಾರಿಗೆ?"

"ಗೊತ್ತಿಲ್ರಿ. ಮುಂದ ಯಾವುದಾರ ಕೂಸಿಗೆ ಆಗಬಹುದು. ಯಾರಿಗೂ ಆಗಲಿಕ್ಕೂ ಇಲ್ಲ."

ಊರು ಬಿಟ್ಟ ದಿನದಿಂದ ಎಲ್ಲರೂ ನನಗೆ ಏನಾದರೊಂದನ್ನು ಕೊಡಲು ನೋಡುತ್ತಿದ್ದರು. ಡಾಕ್ಟರು ಭರವಸೆ ಕೊಟ್ಟರು, ನೆಂಟರು ತಾಯಿತ ಕೊಟ್ಟರು, ರೈಲಿನಲ್ಲಿ ಸಿಕ್ಕ ಅಪರಿಚಿತನೊಬ್ಬ ಯಾವುದೋ ಬೇರಿನ ಪುಡಿಯ ವಿಳಾಸ ಕೊಟ್ಟ. ನಿನಗೆ ಏನೂ ಇಲ್ಲ ಎಂದು ಮುಖ ನೋಡಿ ಹೇಳಿದವಳು ಇವಳೊಬ್ಬಳೇ. ಮೋಸ ಮಾಡುವವರು ಮೊದಲು ಲಾಭ ತೋರಿಸುತ್ತಾರೆ ಎಂಬುದು ನನಗೆ ಗೊತ್ತಿರುವ ಲೆಕ್ಕ. ಆ ಲೆಕ್ಕಕ್ಕೆ ಈ ಹುಡುಗಿ ಕೂಡಲಿಲ್ಲ. ಬೇಡವೆನಿಸಿದ ದಿನ ಹೇಳಿದರೆ, ತನ್ನ ಹತ್ತಿರ ಇರುವಷ್ಟನ್ನು ಹಾಳುಮಾಡಿಬಿಡುತ್ತೇನೆ, ಬೇರೆಡೆಗೆ ಕಳಿಸಿದ ಮೇಲೆ ಮಾತ್ರ ತನ್ನ ಕೈಯಲ್ಲಿಲ್ಲ ಎಂದೂ ಸೇರಿಸಿದಳು. ಆ 'ಮಾತ್ರ' ನನಗೆ ಹಿಡಿಸಿತು. ಹ್ಞೂಂ ಅಂದೆ. ಅದನ್ನು ಕೊಲ್ಲಿಸುವ ಹಕ್ಕು ನನ್ನ ಕೈಯಲ್ಲಿರಲಿ ಎಂಬ ಆಸೆಯೂ ಅದರಲ್ಲಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಗಂಡ ಊರಿಗೆ ಫೋನ್ ಮಾಡಿ ಅತ್ತೆಗೆ ಎಲ್ಲವನ್ನೂ ಹೇಳಿದರು, ಬಾಟಲಿಯ ವಿಷಯವನ್ನೂ. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು: "ಬ್ಯಾನಿನ್ನ ಸಾಕಾಕ ಕೊಟ್ಟ ಬಂದೀರೇನು? ಹಾವಿಗಿ ಹಾಲೆರದಂಗ ಆತು."

ಕಿಮೋ ಶುರುವಾದ ಮೇಲೆ ಗೌರಿಯ ಕೂದಲು ಉದುರತೊಡಗಿತು. ಜಾವಳ ತೆಗೆಸುವ ಹರಕೆ ಬಾಕಿಯಿತ್ತು, ಹುಟ್ಟಿದಾಗಿನ ಕೂದಲು ಅದು. ದಿಂಬಿನ ಮೇಲೆ, ನನ್ನ ಸೆರಗಿನ ಮೇಲೆ, ಗಂಜಿಯ ಬಟ್ಟಲಲ್ಲಿ ಬಿದ್ದ ಒಂದೊಂದು ಎಳೆಯನ್ನೂ ಆಯ್ದು ಬಿಳಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದೆ. ಗುಡಿಸುವಾಕೆ ಪೊರಕೆ ಹಿಡಿದು ಬಂದರೆ ಮೊದಲು ನಾನು ಮಂಚದ ಕೆಳಗೆ ಹೊಕ್ಕು ನೋಡಿ, ಆಮೇಲೆ ಅವಳನ್ನು ಬಿಡುವುದು. ಪಕ್ಕದ ಮಂಚದವರು ನಕ್ಕರು. ನನಗೂ ನಗು ಬರುತ್ತಿತ್ತು. ಮಗಳ ಒಂದು ಕೂದಲನ್ನೂ ಬಿಡದವಳು ಮುಷ್ಟಿಗಿಂತ ದೊಡ್ಡ ಗಂಟಿನ ಚೂರನ್ನು ಕೊಟ್ಟು ಕೂತಿದ್ದೆ.

ಕಿಮೋಗಳ ನಡುವೆ ಬೆಟಗೇರಿಗೆ ಬಂದು ಹೋಗುತ್ತಿದ್ದೆವು. ಗೌರಿ ವಾಂತಿ ಮಾಡಿಕೊಂಡ ದಿನ, ಜ್ವರ ಬಂದ ದಿನ, ಕಾರಣವಿಲ್ಲದೆ ಮಂಕಾಗಿ ಕೂತ ದಿನ ನನಗೆ ಬಾಟಲಿಯದೇ ಧ್ಯಾನ. ಅದು ಅಲ್ಲಿ ಕೊಬ್ಬಿದರೆ ಇವಳು ಇಲ್ಲಿ ಬಾಡುತ್ತಾಳೆಯೇ? ಡಾಕ್ಟರನ್ನು ಕೇಳಿದರೆ ಅದಕ್ಕೂ ಇವಳಿಗೂ ಸಂಬಂಧವೇ ಇಲ್ಲ ಅಂದರು. ಅವರ ಮಾತನ್ನು ನಂಬುವುದಾದರೂ ಹೇಗೆ? ನಾನೇ ಪರೀಕ್ಷೆಗೆ ನಿಂತೆ. ಗೌರಿಗೆ ಜ್ವರ ಬಂದಾಗ ಅದನ್ನು ಹೇಳದೆ ರುಬೀನಾಳಿಗೆ ಫೋನ್ ಮಾಡಿ, ಅದು ಹೇಗಿದೆ ಎಂದು ಕೇಳಿದೆ. ಈ ವಾರ ಅದು ಬೆಳೆದೇ ಇಲ್ಲ, ಸಾಯುವ ಹಾಗಿದೆ ಅಂದಳು ಬೇಸರದಿಂದ. ಇನ್ನೊಮ್ಮೆ ಗೌರಿ ಎರಡು ಹೋಳಿಗೆ ತಿಂದು ಓಣಿಯ ತುಂಬ ಕುಣಿದ ದಿನ ಕೇಳಿದೆ. ಬಹಳ ಚೆನ್ನಾಗಿ ಬೆಳೆಯುತ್ತಿದೆ, ಹೊಸ ಬಾಟಲಿಗೆ ಹಾಕಿದೆ ಅಂದಳು. ನನ್ನ ಲೆಕ್ಕ ತಲೆಕೆಳಗಾಯಿತು. ಆದರೂ, ನನ್ನನ್ನು ಸಮಾಧಾನ ಮಾಡಲು ಬೇಕೆಂದೇ ಉಲ್ಟಾ ಹೇಳುತ್ತಿದ್ದಾಳೋ ಏನೋ ಎಂಬ ಹುಳ ತಲೆಯಲ್ಲಿ ಉಳಿದೇ ಇತ್ತು. ಜ್ವರದ ವಿಷಯ ನಾನು ಹೇಳಿಯೇ ಇರಲಿಲ್ಲವಲ್ಲ ಎಂದು ಎಷ್ಟೋ ದಿನಗಳ ಮೇಲೆ ಹೊಳೆದಾಗ ಒಬ್ಬಳೇ ನಕ್ಕೆ.

ಹೀಗೆ ಫೋನ್ ಮಾಡಿ ಮಾಡಿ ಅದರ ದಿನಚರಿಯೆಲ್ಲ ನನಗೆ ಗೊತ್ತಾಗಿಬಿಟ್ಟಿತ್ತು. ಅದಕ್ಕೆ ಗುಲಾಬಿ ಬಣ್ಣದ ನೀರು ಆಹಾರ. ಎರಡು ಮೂರು ದಿನಕ್ಕೊಮ್ಮೆ ಬದಲಿಸದಿದ್ದರೆ ಸಾಯುತ್ತದೆ. ಅದಕ್ಕಾಗಿ ರಂಜಾನಿಗೂ ಊರಿಗೆ ಬರಲಾಗಲಿಲ್ಲ ಎಂದು ರುಬೀನಾ ಒಮ್ಮೆ ಹೇಳಿದಳು. ನನಗೆ ಮರುಕವೂ ಆಯಿತು, ಕೋಪವೂ ಬಂತು. ಇಷ್ಟು ಆರೈಕೆ ಅದಕ್ಕೇಕೆ ಎಂದು.

ಚಿಕಿತ್ಸೆ ಮುಗಿಯಿತು. ಗೌರಿಯ ತಲೆಯ ಮೇಲೆ ಹೊಸ ಕೂದಲು, ಮೊದಲಿಗಿಂತ ಗುಂಗುರಾಗಿ ಬಂತು. ಅತ್ತೆ ಹಳೆಯ ಕೂದಲು ಕಟ್ಟಿದ್ದ ಆ ಬಟ್ಟೆಯ ಗಂಟನ್ನು ಮನೆದೇವರಿಗೆ ಒಪ್ಪಿಸಿ ಬಂದರು. ಬಂದು ಚಪ್ಪಲಿ ಬಿಡುತ್ತ, "ಕೂದಲಾ ದೇವರಿಗಿ ಹೋತು. ಗಂಟು ಯಾರಿಗಿ ಹೋತು?" ಎಂದು ಕೇಳಿದರು. ಆ ವರ್ಷವೆಲ್ಲ ಅವರು ನನ್ನೊಡನೆ ಮಾತು ಬಿಟ್ಟಿರಲಿಲ್ಲ, ಆದರೆ ಯಾವ ಮಾತು ಎತ್ತಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಮುದುಕಿಯ ಹಟ ಎಂದು ಗಂಡ ಅನ್ನುತ್ತಿದ್ದರು. ನಾನು ಹಾಗನ್ನಲಿಲ್ಲ. ನನ್ನ ಹೊಟ್ಟೆಯೊಳಗೂ ಅದೇ ಪ್ರಶ್ನೆ ಇತ್ತು.

ಮರುವರ್ಷದ ತಪಾಸಣೆಯಲ್ಲಿ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ಈ ಗಂಟು ಮರಳಿ ಬಂದರೆ ಮೊದಲು ಬರುವುದು ಹೆಚ್ಚಾಗಿ ಅಲ್ಲಿಗೇ ಎಂದು ನಾನು ಬೆಂಚಿನ ಮೇಲಿನ ಮಾತುಗಳಲ್ಲಿ ಕೇಳಿ ತಿಳಿದಿದ್ದೆ. ಸೋಂಕಿನ ಕಲೆಯೂ ಇರಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಅದು ಬರೀ ಕಲೆಯೇ ಆಗಿತ್ತು, ಮುಂದಿನ ಸ್ಕ್ಯಾನಿನಲ್ಲಿ ಇರಲಿಲ್ಲ. ಗೌರಿ ಈಗ ಶಾಲೆಗೆ ಹೋಗುತ್ತಾಳೆ, ಒಂದೇ ಮೂತ್ರಪಿಂಡದಲ್ಲಿ ಓಣಿಯನ್ನೆಲ್ಲ ಆಳುತ್ತಾಳೆ. ಆದರೆ ಆ ಕಾಯುವ ವಾರಗಳಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆ ಬಂದಾಗಿನ ಹೆದರಿಕೆಗಿಂತ ಮರಳಿ ಬರಬಹುದೆಂಬ ಹೆದರಿಕೆ ದೊಡ್ಡದು. ಮೊದಲ ಸಲ ಅದರ ಹಾದಿ ಗೊತ್ತಿರುವುದಿಲ್ಲ.

ಬೆಂಗಳೂರಿನಿಂದ ಮರಳಿದ ಮೂರನೆಯ ದಿನ ನನ್ನ ತಾಳ್ಮೆ ಮುಗಿಯಿತು. ಅತ್ತೆಯದೇ ಸರಿ ಎನಿಸಿತು. ನಾನೇ ಅದನ್ನು ಬದುಕಿಸಿ ಇಟ್ಟದ್ದಕ್ಕೆ ಅದು ದಾರಿ ಹುಡುಕಿಕೊಂಡು ಮರಳಿ ಬಂದಿದೆ. ಮಧ್ಯಾಹ್ನ ಗೌರಿ ಮಲಗಿದ್ದಳು, ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೈಯಲ್ಲಿದ್ದ ಸೀರೆಯನ್ನು ಬದಿಗಿಟ್ಟು ರುಬೀನಾಳಿಗೆ ಫೋನ್ ಹಚ್ಚಿದೆ. ಅತ್ತೆಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿ ಫರಸಿಯ ಮೇಲಿಟ್ಟೆ. ಚುಕ್ಕೆಯ ವಿಷಯ ಹೇಳಿ, ಅದನ್ನು ಹಾಳುಮಾಡಿಬಿಡು ಅಂದೆ.

ರುಬೀನಾ, "ಆತ್ರಿ ಅಕ್ಕಾರ. ಸಂಜೀ ಒಳಗ ಹಾಳ ಮಾಡ್ತೀನಿ. ಗೌರಿ ಉಣ್ಣಾಕ ಹತ್ಯಾಳೇನ್ರಿ?" ಅಂದಳು. ಒಂದೂವರೆ ವರ್ಷ ಹಬ್ಬ ಬಿಟ್ಟು ಸಾಕಿದ್ದನ್ನು ಕೊಲ್ಲು ಎಂದರೆ ಯಾಕೆ ಎಂದೂ ಕೇಳದೆ ಒಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೂ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

"ತಡಿ. ಫೋನ್ ಇಡಬ್ಯಾಡ," ಅಂದರು ಅತ್ತೆ.

ಮೊರ ಕೆಳಗಿಟ್ಟು ಹತ್ತಿರ ಬಂದು ಕುಳಿತರು. ತಾವು ಬೇಡುತ್ತಿದ್ದದ್ದೇ ಈಗ ನಡೆಯುತ್ತಿದೆಯಲ್ಲ ಎಂದು ನಾನು ಅವರ ಮುಖ ನೋಡಿದೆ. ವಿರೂಪಾಕ್ಷನಿಗಿಂತ ಮೊದಲು ತಮಗೊಂದು ಹೆಣ್ಣು ಮಗು ಇತ್ತು ಅಂದರು. ಹೆಸರು ಕಸ್ತೂರಿ. ನಾನು ಆ ಮನೆಗೆ ಬಂದು ಅಷ್ಟು ವರ್ಷವಾಗಿದ್ದರೂ ಆ ಹೆಸರು ಕೇಳಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಗೌರಿಯ ವಯಸ್ಸಿಗೇ ಅದರ ಹೊಟ್ಟೆಯ ಒಂದು ಮಗ್ಗುಲು ಊದಿಕೊಂಡಿತಂತೆ. ಶಿರಹಟ್ಟಿಯಲ್ಲಿ ಯಾರೋ ಸೊಪ್ಪಿನ ಪಟ್ಟು ಹಾಕಿದರು, ಲಕ್ಷ್ಮೇಶ್ವರದಲ್ಲಿ ಯಾರೋ ಮಂತ್ರಿಸಿ ದಾರ ಕಟ್ಟಿದರು. ಮಗು ಉಳಿಯಲಿಲ್ಲ.

"ಗಂಟಿನ ಸಮೇತ ಹೂಳಿದ್ವಿ," ಅಂದರು ಅತ್ತೆ. "ಉಪ್ಪು ನಾನ ಹಾಕಿದೆ, ಈ ಬ್ಯಾನಿ ಇಲ್ಲಿಗೇ ಮುಗೀಲಿ ಅಂತ. ಮುಗೀಲಿಲ್ಲಲ್ಲ. ಅದು ಏನಿತ್ತು ಅಂತ ಯಾರಿಗೂ ತಿಳೀಲಿಲ್ಲ. ಹೂಳಿದ್ರ ಏನೂ ತಿಳಿಯೂದಿಲ್ಲ, ಸುವರ್ಣಾ. ಇದೊಂದು ಇರ್ಲಿ ಬಿಡು."

ಫೋನಿನ ಆ ಕಡೆ ರುಬೀನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು, ಇರಲಿ, ಹಾಳುಮಾಡಬೇಡ ಅಂದೆ. ಹೇಳುವಾಗಲೂ ಹೆದರಿಕೆ ಹೋಗಿರಲಿಲ್ಲ. ಮಗಳ ಎದೆಯ ಚುಕ್ಕೆ ಏನೆಂದು ತಿಳಿಯದೆಯೇ ಅಂದೆ, ಅಷ್ಟೆ.

ಅತ್ತೆ ಫೋನಿನ ಮೇಲೆ ಬಗ್ಗಿದರು. ಮಗು ಸತ್ತಾಗ ಊರವರು ತಾಯಿಯ ಹಾಲು ಕೆಟ್ಟದ್ದು, ಆ ಹಾಲೇ ಹೊಟ್ಟೆಯಲ್ಲಿ ಗಂಟು ಕಟ್ಟಿತು ಅಂದರಂತೆ. ಅತ್ತೆಯ ಅತ್ತೆಯೂ ಅಂದರಂತೆ. ವಿರೂಪಾಕ್ಷ ಹುಟ್ಟಿದಾಗ ಅದೇ ಹೆದರಿಕೆಯಿಂದ ಅವನಿಗೆ ಒಂದು ದಿನವೂ ಮೊಲೆ ಕೊಡದೆ, ಎದೆ ಕಟ್ಟಿಕೊಂಡು ನರಳುತ್ತ, ಆಡಿನ ಹಾಲು ಕುಡಿಸಿ ಬೆಳೆಸಿದರಂತೆ. ಇದನ್ನೆಲ್ಲ ಅವರು ನನಗಲ್ಲ, ಎಂದೂ ಮುಖ ನೋಡದ ಆ ಹುಡುಗಿಗೆ ಹೇಳಿದರು. ಹೇಳಿ, "ಹಾಲಿನಿಂದ ಆಗಿದ್ದಾ ಅಂತ ಆ ಬಾಟಲಿ ನೋಡಿ ಹೇಳಾಕ ಬರತೈತೇನವಾ?" ಎಂದು ಕೇಳಿದರು.

"ಅದಕ್ಕ ಬಾಟಲಿ ಬ್ಯಾಡ್ರಿ ಅಮ್ಮಾರ," ಅಂದಳು ರುಬೀನಾ. "ಅದು ಮೊದಲ ಗೊತ್ತೈತಿ. ಇಂಥಾ ಗಂಟು ಹಾಲಿನಿಂದ ಆಗೂದಿಲ್ರಿ. ನಿಮ್ಮ ಹಾಲಿನಿಂದ ಏನೂ ಆಗಿಲ್ಲ."

ಅತ್ತೆ ಕೈಯಿಂದ ಫೋನನ್ನು ಹತ್ತಿರ ಎಳೆದುಕೊಂಡರು.

"ಇನ್ನೊಮ್ಮೆ ಹೇಳವಾ," ಅಂದರು.

ರುಬೀನಾ ಇನ್ನೊಮ್ಮೆ ಹೇಳಿದಳು.